ಬೆರಳಿಗೆ ಸಿಗಬೇಕಾದ ಮೊದಲ ಅಕ್ಷರ

ಶಾಲೆಗೆ ಸೇರುವ ಮೊದಲೇ ಮಕ್ಕಳು ಸಾವಿರಾರು ಅಕ್ಷರಗಳನ್ನು ಕಂಡಿರುತ್ತಾರೆ. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಗೋಡೆಯ ಕ್ಯಾಲೆಂಡರು ಎಲ್ಲದರಲ್ಲೂ ಅಕ್ಷರಗಳೇ. ಓದಲು ಬಾರದಿದ್ದರೂ ಅವುಗಳಿಗೆ ಏನೋ ಅರ್ಥವಿದೆ ಎಂಬುದು ಅವರಿಗೆ ಗೊತ್ತು. ಹುಟ್ಟಿನಿಂದಲೇ ಕಣ್ಣು ಕಾಣದ ಮಗುವಿಗೆ ಈ ಅವಕಾಶವಿಲ್ಲ. ಯಾರಾದರೂ ಬೆರಳಿನ ಕೆಳಗೆ ತಂದಿಡುವವರೆಗೆ ಅಕ್ಷರ ಎಂಬುದೊಂದು ಇದೆ ಎಂದೇ ಅದಕ್ಕೆ ತಿಳಿಯದು.

ಈ ಕೊರತೆ ನೀಗಿಸುವ ಕೆಲಸದಲ್ಲಿ ಮೈಸೂರಿಗೆ ಶತಮಾನ ಮೀರಿದ ಇತಿಹಾಸವಿದೆ. ಎಂ. ಶ್ರೀನಿವಾಸರಾವ್ 1901ರಲ್ಲಿ ಇಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ತೆರೆದರು. ಮುಂದೆ ಅದು ಸರ್ಕಾರಿ ಶಾಲೆಯಾಯಿತು. ತಿಲಕನಗರದ ಸರ್ಕಾರಿ ಬ್ರೈಲ್ ಮುದ್ರಣಾಲಯ ಕನ್ನಡ ಪಠ್ಯಪುಸ್ತಕಗಳನ್ನು ಬ್ರೈಲ್‌ನಲ್ಲಿ ಅಚ್ಚು ಮಾಡುತ್ತ ಬಂದಿದೆ. 1988ರಲ್ಲಿ ಅಂಧ ಬಾಲಕಿಯರಿಗಾಗಿ ರಂಗರಾವ್ ಸ್ಮಾರಕ ಶಾಲೆ ಆರಂಭವಾಯಿತು.

ಫ್ರಾನ್ಸಿನ ಲೂಯಿ ಬ್ರೈಲ್ (1809-1852) ರೂಪಿಸಿದ ಈ ಲಿಪಿಗೆ ಆರು ಉಬ್ಬು ಚುಕ್ಕಿಗಳೇ ಆಧಾರ. ಮೂರರಂತೆ ಎರಡು ಕಂಬಸಾಲುಗಳಲ್ಲಿ ನಿಲ್ಲುವ ಇವುಗಳಿಂದ 63 ಗುರುತುಗಳನ್ನು ಮಾಡಬಹುದು. ಭಾರತೀಯ ಭಾಷೆಗಳಿಗೆ ಒಂದೇ ಮಾದರಿಯ ಭಾರತಿ ಬ್ರೈಲ್ 1951ರಲ್ಲಿ ಒಪ್ಪಿಗೆ ಪಡೆಯಿತು. ಹೀಗಾಗಿ ಕನ್ನಡದ 'ಕ', ಹಿಂದಿಯ 'ಕ' ಎರಡಕ್ಕೂ ಒಂದನೇ ಮತ್ತು ಮೂರನೇ ಚುಕ್ಕಿಗಳೇ ಗುರುತು.

ಬ್ರೈಲ್‌ನಲ್ಲಿ ಕನ್ನಡದ ರೂಪವೇ ಬೇರೆ. ಇಲ್ಲಿ ಗುಣಿತಾಕ್ಷರಕ್ಕೆ ಗುಡಿಸು, ಕೊಂಬು ಇಲ್ಲ. 'ಕ' ಬರೆದು ಪಕ್ಕದಲ್ಲಿ 'ಇ' ಬರೆದರೆ 'ಕಿ' ಆಗುತ್ತದೆ. ಒತ್ತಕ್ಷರವೂ ಕೆಳಗೆ ಇಳಿಯುವುದಿಲ್ಲ. 'ಅಮ್ಮ' ಎನ್ನಲು ಮೊದಲು 'ಅ', ನಂತರ ಮುಂದಿನದು ಅರ್ಧಾಕ್ಷರ ಎಂದು ಸೂಚಿಸುವ ನಾಲ್ಕನೇ ಚುಕ್ಕಿ, ಆಮೇಲೆ ಎರಡು 'ಮ' ಸಾಲಾಗಿ ಬರುತ್ತವೆ.

ಮೊಬೈಲ್ ಫೋನು ಪುಸ್ತಕವನ್ನು ಓದಿ ಹೇಳುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಕಥೆ ಕೇಳಲು ಕಿವಿ ಸಾಕು, ಕಾಗುಣಿತ ಕಲಿಯಲು ಸಾಲದು. ಆಡುಮಾತಿನಲ್ಲಿ 'ಧನ' ಮತ್ತು 'ದನ' ಒಂದೇ ಆಗಿ ಕೇಳಿಸುವುದುಂಟು. ಬೆರಳಿಗೆ ಮಾತ್ರ ಅವೆರಡೂ ಬೇರೆ ಬೇರೆ. ಕೇಳಿಯಷ್ಟೇ ಬೆಳೆದ ಮಗು ಮುಂದೆ ತನ್ನ ಹೆಸರನ್ನೇ ಸರಿಯಾಗಿ ಬರೆಯಲು ತಡವರಿಸಬಹುದು.

ಪಠ್ಯಪುಸ್ತಕ ಕೈಗೆ ಬರುವುದು ಶಾಲೆ ಸೇರಿದ ಮೇಲೆ. ಅದಕ್ಕೆ ಮುಂಚಿನ ಮೂರು ನಾಲ್ಕು ವರ್ಷಗಳಲ್ಲಿ ಬೇಕಾದದ್ದು ಕಥೆಪುಸ್ತಕ. ಒಂದೇ ಪುಟದಲ್ಲಿ ಮುದ್ರಿತ ಅಕ್ಷರವೂ ಬ್ರೈಲೂ ಇರುವ ಪುಸ್ತಕವನ್ನು ತಾಯಿ ನೋಡಿ ಓದಬಹುದು, ಮಗು ಮುಟ್ಟಿ ಓದಬಹುದು. ಚಿತ್ರದ ಬದಲು ಬಟ್ಟೆಯ ಚೂರು, ದಾರ, ಒಣಗಿದ ಎಲೆ ಅಂಟಿಸಿದರೆ ಕಥೆ ಕೈಗೆ ಸಿಗುತ್ತದೆ. ಮೊಟ್ಟೆ ಇಡುವ ರಟ್ಟಿನ ತಟ್ಟೆಯಲ್ಲಿ ಆರು ಗುಳಿ ಉಳಿಸಿಕೊಂಡು ನಿಂಬೆಹಣ್ಣು ಇಟ್ಟರೆ ಅದೇ ಮೊದಲ ಬ್ರೈಲ್ ಪಾಠ.

ಇಂಥ ಪುಸ್ತಕಗಳಿಗೆ ಈಗ ಕಾನೂನಿನ ಅಡ್ಡಿಯಿಲ್ಲ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆ, ಲಾಭದ ಉದ್ದೇಶವಿಲ್ಲದೆ ಪುಸ್ತಕಗಳನ್ನು ಅಂಗವಿಕಲರು ಓದಬಲ್ಲ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಇದೇ ಆಶಯದ 2013ರ ಮರ್ರಕೇಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ರಾಷ್ಟ್ರ ಭಾರತ, ಅದು 2014ರಲ್ಲಿ.

ಇನ್ನುಳಿದದ್ದು ಮನೆಯವರ ಪಾಲು. ಕಣ್ಣಿರುವವರು ಬ್ರೈಲನ್ನು ಮುಟ್ಟಿಯೇ ಕಲಿಯಬೇಕೆಂದಿಲ್ಲ, ಚುಕ್ಕಿಗಳನ್ನು ನೋಡಿಯೂ ಓದಬಹುದು. ಅಪ್ಪ ಅಮ್ಮ ಅಷ್ಟು ಕಲಿತರೆ, ಮಗುವಿನ ಅಕ್ಷರಾಭ್ಯಾಸ ಶಾಲೆಯ ಬಾಗಿಲಿಗಾಗಿ ಕಾಯಬೇಕಾಗಿಲ್ಲ.