ಸೊಂಟದಿಂದ ಕಾಲಿಗಿಳಿಯುವ ನರದ ನೋವು



ಸೊಂಟದಲ್ಲಿ ಹುಟ್ಟಿ, ತೊಡೆಯ ಹಿಂಬದಿಗಿಳಿದು, ಮೀನಖಂಡವನ್ನು ದಾಟಿ ಪಾದದವರೆಗೂ ಮಿಂಚಿನಂತೆ ಹರಿಯುವ ನೋವೊಂದುಂಟು. ಆಯುರ್ವೇದವು ಇದನ್ನು ಗೃಧ್ರಸಿಯೆಂದು ಕರೆಯಿತು. ಪಾಶ್ಚಾತ್ಯ ವೈದ್ಯರು ಸಯಾಟಿಕಾ ಎಂದರು. ನೋಯುವುದು ಕಾಲಾದರೂ ಬೇನೆಯ ಬೇರು ಇರುವುದು ಬೆನ್ನಿನಲ್ಲಿ.

ಸೊಂಟದ ಭಾಗದಲ್ಲಿ ಬೆನ್ನೆಲುಬಿನ ಮಣಿಗಳು 5. ಮಣಿಮಣಿಯ ನಡುವೆಯೂ ಡಿಸ್ಕ್ ಎಂಬ ಮೆತ್ತೆಯಿದೆ: ಹೊರಗೆ ಬಿಗಿಯಾದ ನಾರಿನ ಬಳೆ, ಒಳಗೆ ಲೋಳೆಯಂತಹ ತಿರುಳು. ಬಳೆಯು ಬಿರಿದರೆ ತಿರುಳು ಹೊರಚಾಚಿ, ಪಕ್ಕದಲ್ಲಿಯೇ ಹೊರಡುವ ನರಮೂಲವನ್ನು ಒತ್ತುತ್ತದೆ; ಅಲ್ಲಿ ಉರಿಯೂತವನ್ನೂ ಉಂಟುಮಾಡುತ್ತದೆ. ಈ ಸಂಬಂಧವನ್ನು 1934ರಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟವರು ಅಮೆರಿಕದ ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು.

ಬಹುಕಾಲ ಇದಕ್ಕೆ ವಿಧಿಸುತ್ತಿದ್ದ ಮೊದಲ ಚಿಕಿತ್ಸೆ ಹಾಸಿಗೆ ಹಿಡಿಯುವುದೇ ಆಗಿತ್ತು. 1999ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಹಾಲೆಂಡಿನ ವೈದ್ಯರು 183 ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ 2 ವಾರ ಮಲಗಿರಲು ಹೇಳಿ, ಉಳಿದವರನ್ನು ಶಕ್ತಿಯಿದ್ದಷ್ಟು ಓಡಾಡಲು ಬಿಟ್ಟರು. 12 ವಾರಗಳ ತರುವಾಯ ಎರಡು ಗುಂಪುಗಳಲ್ಲಿಯೂ ಶೇಕಡ 87 ಮಂದಿ ಗುಣಮುಖರಾಗುತ್ತಿದ್ದರು. ಮಲಗಿದವರಿಗೆ ಹೆಚ್ಚಿನ ಲಾಭವೇನೂ ದೊರೆಯಲಿಲ್ಲ. ಹೊರಚಾಚಿದ ತಿರುಳನ್ನು ಅನೇಕ ವೇಳೆ ದೇಹವೇ ಕೆಲವು ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ. ದೀರ್ಘಕಾಲದ ಶಯನವಾದರೋ ಸ್ನಾಯುಗಳ ಬಲವನ್ನು ಕುಂದಿಸುತ್ತದೆ.

ಹಾಗಾದರೆ ಅಂಗಸಾಧನೆಯಿಂದ ಪ್ರಯೋಜನವೇನು? ನೋವನ್ನು ತಗ್ಗಿಸುವ ಭಂಗಿಯನ್ನು ಹುಡುಕಿ, ರೋಗಿಯನ್ನು ಕ್ರಮವಾಗಿ ಚಲನೆಗೆ ಮರಳಿಸುವುದೇ ಅದರ ಉದ್ದೇಶ. 1956ರಲ್ಲಿ ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಎಂಬ ಚಿಕಿತ್ಸಕರು, ತಲೆಯ ಭಾಗ ಎತ್ತರವಾಗಿದ್ದ ಮಂಚದ ಮೇಲೆ ಬೋರಲು ಮಲಗಿದ ರೋಗಿಯೊಬ್ಬನ ಕಾಲುನೋವು ಇಳಿದುದನ್ನು ಕಂಡರು. ಬೋರಲು ಮಲಗುವುದು, ಮೊಣಕೈ ಊರಿ ಎದೆಯೆತ್ತುವುದು, ಬಳಿಕ ಅಂಗೈ ಊರಿ ಬೆನ್ನನ್ನು ಹಿಂದಕ್ಕೆ ಬಾಗಿಸುವುದು ಎಂಬ ಮೆಟ್ಟಿಲುಗಳು ಅವರ ಪದ್ಧತಿಯಲ್ಲಿ ಸೇರಿವೆ. ಇಲ್ಲಿ ನೆನಪಿಡತಕ್ಕ ಸೂತ್ರವೊಂದುಂಟು: ನೋವು ಪಾದವನ್ನು ಬಿಟ್ಟು ಸೊಂಟದ ಕಡೆಗೆ ಹಿಮ್ಮೆಟ್ಟಿದರೆ, ಸೊಂಟದಲ್ಲಿ ಕೊಂಚ ಹೆಚ್ಚಿದಂತೆ ತೋರಿದರೂ, ಅದು ಶುಭಲಕ್ಷಣ, ಕೆಳಕ್ಕೆ ಹರಡಿದರೆ ಆ ಸಾಧನೆಯನ್ನು ನಿಲ್ಲಿಸತಕ್ಕದ್ದು.

ಒಂದೇ ಸಾಧನೆ ಎಲ್ಲರಿಗೂ ಒಗ್ಗದು. ವಯಸ್ಸಾದವರಲ್ಲಿ ನರಗಳ ನಾಳವೇ ಕಿರಿದಾಗಿದ್ದರೆ ಹಿಂದಕ್ಕೆ ಬಾಗುವುದರಿಂದ ನೋವು ಹೆಚ್ಚುವುದುಂಟು. ಅಂಥವರಿಗೆ ಮುಂದಕ್ಕೆ ಬಾಗುವುದೇ ಹಿತ. ಆದುದರಿಂದ ನೆರೆಯವರಿಗೆ ಗುಣವಾಯಿತೆಂಬ ಕಾರಣದಿಂದ ಅವರ ಸಾಧನೆಯನ್ನು ನಾವೂ ಹಿಡಿಯುವುದು ಉಚಿತವಲ್ಲ. ನಡಿಗೆ ಮಾತ್ರ ಸಾಮಾನ್ಯವಾಗಿ ಒಳ್ಳೆಯದು. ತಾಳಬಲ್ಲಷ್ಟರಿಂದ ಆರಂಭಿಸಿ ದಿನದಿನಕ್ಕೆ ಏರಿಸಬಹುದು. ಶಾಖವು ತಾತ್ಕಾಲಿಕ ನೆಮ್ಮದಿ ಕೊಡಬಹುದು. ಭಾರ ಕಟ್ಟಿ ಸೊಂಟವನ್ನೆಳೆಯುವುದು, ಶ್ರವಣಾತೀತ ಧ್ವನಿಯ ಯಂತ್ರ, ಸೊಂಟಪಟ್ಟಿ, ಇವನ್ನು ಕೊಡಬಾರದೆಂದು 2016ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಮಾರ್ಗಸೂಚಿಯು ತಿಳಿಸಿತು.

ಕಡೆಯದಾಗಿ, ಮುಖ್ಯವಾದ ಎಚ್ಚರಿಕೆ. ಮೂತ್ರ ಕಟ್ಟುವುದು ಅಥವಾ ಮಲಮೂತ್ರಗಳ ಹಿಡಿತ ತಪ್ಪುವುದು, ಗುದದ ಸುತ್ತಲೂ ತೊಡೆಗಳ ಒಳಬದಿಯಲ್ಲಿಯೂ ಜೋಮು ಹಿಡಿಯುವುದು, ಕಾಲು ಬಲಗುಂದುತ್ತ ಹೋಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಅಂಗಸಾಧನೆಗೆ ಅದು ಕಾಲವಲ್ಲ. ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು. ಶಸ್ತ್ರಚಿಕಿತ್ಸೆ ತಡವಾದರೆ ಹೋದ ಶಕ್ತಿ ಮರಳದಿರಬಹುದು. ಈ ಲಕ್ಷಣಗಳಿಲ್ಲದವರು ಭಯಪಡಬೇಕಾಗಿಲ್ಲ. ಅವರಿಗೆ ಕಾಲವೇ ಅರ್ಧ ವೈದ್ಯ. ಉಳಿದರ್ಧ, ಅಳತೆಯರಿತು ನಡೆಸುವ ಚಲನೆ.