ನರಗಳ ಉದ್ವೇಗವೂ ನಿತ್ಯದ ಕೆಲವು ರೂಢಿಗಳೂ

ಪ್ರಶ್ನಪತ್ರಿಕೆ ಕೈಗೆ ಬಂದ ಗಳಿಗೆಯಲ್ಲಿ ಅಂಗೈ ಬೆವರುವುದು, ನಾಲಗೆ ಒಣಗುವುದು, ಎದೆ ಡವಗುಟ್ಟುವುದು - ಇವನ್ನು ಅನುಭವಿಸದ ಹಳೆಯ ವಿದ್ಯಾರ್ಥಿ ಈ ಸಂಚಿಕೆಯ ವಾಚಕರಲ್ಲಿ ಒಬ್ಬನೂ ಇರಲಾರನು. ಇದನ್ನು ನಾವು ಅಂಜುಬುರುಕುತನವೆಂದು ಕರೆದು ಸುಮ್ಮನಾಗುತ್ತೇವೆ. ಬಹುಕಾಲ ಜೀವಶಾಸ್ತ್ರವನ್ನು ಬೋಧಿಸಿದ ನಾನೂ, ಪರೀಕ್ಷಾ ಕೊಠಡಿಯಲ್ಲಿ ಲೇಖನಿ ಹಿಡಿಯಲಾರದೆ ನಡುಗುತ್ತಿದ್ದ ಬಾಲಕನೊಬ್ಬನನ್ನು ಧೈರ್ಯ ಸಾಲದೆಂದು ಗದರಿಸಿದ್ದುಂಟು. ತರಗತಿಯಲ್ಲಿ ನಾನೇ ಹೇಳಿಕೊಟ್ಟಿದ್ದ ನರವ್ಯೂಹದ ಪಾಠ ಆ ಹೊತ್ತಿನಲ್ಲಿ ನನಗೇ ಮರೆತಿತ್ತು. ಅವನು ಉತ್ತರಪತ್ರಿಕೆಯ ಅರ್ಧ ಭಾಗವನ್ನು ಬರಿದಾಗಿಯೇ ಒಪ್ಪಿಸಿ ಹೊರಟುಹೋದನು.

ಹೃದಯದ ಬಡಿತ, ಜೀರ್ಣಕ್ರಿಯೆ ಮೊದಲಾದವುಗಳನ್ನು ನಮ್ಮ ಅಪ್ಪಣೆಗೆ ಕಾಯದೆ ನಡೆಸುವ ಸ್ವಯಂಚಾಲಿತ ನರವ್ಯೂಹದಲ್ಲಿ ಮುಖ್ಯವಾಗಿ ಎರಡು ಶಾಖೆಗಳನ್ನು ಗುರುತಿಸಬಹುದು. ಅನುವೇದನಾ ಶಾಖೆ ಅಪಾಯ ಎದುರಾದಾಗ ದೇಹವನ್ನು ಸಜ್ಜುಗೊಳಿಸುತ್ತದೆ. ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಒಸರುತ್ತದೆ, ನಾಡಿಯ ವೇಗ ಏರುತ್ತದೆ, ಜೀರ್ಣಾಂಗಗಳಿಗೆ ಸಲ್ಲಬೇಕಾದ ರಕ್ತ ಸ್ನಾಯುಗಳತ್ತ ಹರಿಯುತ್ತದೆ. ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಇದು ಕಾದಾಡಲು ಇಲ್ಲವೆ ಪಲಾಯನ ಮಾಡಲು ದೇಹವು ಮಾಡಿಕೊಳ್ಳುವ ಸಿದ್ಧತೆಯೆಂದು ವಿವರಿಸಿದನು. ಎದುರಿಗಿರುವುದು ಹುಲಿಯೋ ಬೀಜಗಣಿತದ ಲೆಕ್ಕವೋ ಎಂಬ ಭೇದವನ್ನು ಈ ಶಾಖೆ ಎಣಿಸುವುದಿಲ್ಲ.

ಇದಕ್ಕೆ ಕಡಿವಾಣವಾದುದು ಪರಾನುವೇದನಾ ಶಾಖೆ. ಇದರ ಪ್ರಧಾನ ನರ ವೇಗಸ್. ಮೆದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ ಹತ್ತನೆಯದು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಅಲೆಮಾರಿ ಎಂದರ್ಥ. ಕುತ್ತಿಗೆಯ ಮೂಲಕ ಇಳಿದು ಹೃದಯ, ಶ್ವಾಸಕೋಶ, ಜಠರಗಳನ್ನೆಲ್ಲ ಮುಟ್ಟಿಬರುವ ಈ ನರಕ್ಕೆ ಹೆಸರು ಒಪ್ಪುತ್ತದೆ. 1921ರಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯವೊಂದನ್ನು ದ್ರವದಲ್ಲಿರಿಸಿ ಅದರ ವೇಗಸ್ ನರವನ್ನು ಪ್ರಚೋದಿಸಿದನು, ಬಡಿತ ನಿಧಾನವಾಯಿತು. ಆ ದ್ರವವನ್ನು ಮತ್ತೊಂದು ಕಪ್ಪೆಯ ಹೃದಯಕ್ಕೆ ಹಾಯಿಸಲು ಅದೂ ನಿಧಾನವಾಯಿತು! ನರವು ರಾಸಾಯನಿಕ ವಸ್ತುವಿನ ಮೂಲಕ ಕೆಲಸ ಮಾಡುತ್ತದೆಂಬುದು ಇದರಿಂದ ಸಿದ್ಧವಾಯಿತು. ಆ ವಸ್ತು ಅಸಿಟೈಲ್‌ಕೋಲಿನ್. ಪ್ರಯೋಗದ ವಿಧಾನ ತನಗೆ ಹೊಳೆದದ್ದು ಕನಸಿನಲ್ಲಿ ಎಂದು ಲೋವಿ ಹೇಳಿಕೊಂಡಿದ್ದಾನೆ. 1936ರ ನೊಬೆಲ್ ಪಾರಿತೋಷಕ ಅವನಿಗೂ ಹೆನ್ರಿ ಡೇಲ್‌ಗೂ ಸಂದಿತು.

ಹೃದಯಕ್ಕೆ ನಿಧಾನವಾಗೆಂದು ನಾವು ಆಜ್ಞಾಪಿಸಲಾರೆವು. ಆದರೆ ಉಸಿರು ತಾನಾಗಿಯೂ ನಡೆಯುತ್ತದೆ, ನಮ್ಮ ಇಚ್ಛೆಗೂ ಒಳಪಡುತ್ತದೆ. ಉಚ್ಛ್ವಾಸದಲ್ಲಿ ನಾಡಿ ತುಸು ಚುರುಕಾಗುತ್ತದೆ, ನಿಶ್ವಾಸದಲ್ಲಿ ವೇಗಸ್ ನರದ ಹಿಡಿತ ಹೆಚ್ಚಿ ನಿಧಾನವಾಗುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ವಾಚಕರೇ ಇದನ್ನು ಪರೀಕ್ಷಿಸಬಹುದು. ಆದುದರಿಂದ ಹೊರಬಿಡುವ ಉಸಿರನ್ನು ದೀರ್ಘಗೊಳಿಸುವುದೇ ಉಪಾಯ. ನಾಲ್ಕು ಎಣಿಸುವಷ್ಟು ಕಾಲ ಮೂಗಿನಿಂದ ಒಳಗೆಳೆದುಕೊಂಡು, ಆರು ಎಣಿಸುವಷ್ಟು ಕಾಲ ಹೊರಬಿಡಬೇಕು, ಎದೆಗಿಂತ ಹೊಟ್ಟೆ ಉಬ್ಬಬೇಕು, ಬಲಾತ್ಕಾರ ಕೂಡದು. ತಲೆ ಸುತ್ತಿದಂತಾದರೆ ನಿಲ್ಲಿಸತಕ್ಕದ್ದು. ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಈ ಕ್ರಮದಲ್ಲಿ ಅದು ಆರಕ್ಕೆ ಇಳಿಯುತ್ತದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದರಲ್ಲಿ, ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯೂ ಯೋಗಮಂತ್ರದ ಪಠನವೂ ಉಸಿರನ್ನು ಇದೇ ಆರರ ಲಯಕ್ಕೆ ತಂದದ್ದು ಕಂಡುಬಂದಿತು. ಜಪದ ರೂಢಿಯುಳ್ಳ ಹಿರಿಯರಿಗೆ ಇದು ಹೊಸ ಸಂಗತಿಯೇನೂ ಆಗಿರಲಾರದು.

ಎರಡನೆಯದು ಸ್ನಾಯುಗಳ ಸಡಿಲಿಕೆ. ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯನು 1929ರಲ್ಲಿ ಇದರ ಕುರಿತೇ ಗ್ರಂಥವನ್ನು ಪ್ರಕಟಿಸಿದನು. ಮುಷ್ಟಿಯನ್ನು ಐದಾರು ಕ್ಷಣ ಬಿಗಿಹಿಡಿದು ಒಮ್ಮೆಲೆ ಬಿಡುವುದು, ಹಾಗೆಯೇ ಭುಜಗಳನ್ನು ಎತ್ತಿ ಇಳಿಬಿಡುವುದು, ಕಚ್ಚಿದ ದವಡೆಯನ್ನು ಸಡಿಲಿಸುವುದು - ಇಷ್ಟನ್ನು ಬೆಂಚಿನ ಮೇಲೆ ಕುಳಿತೇ ಮಾಡಬಹುದು. ಮುಖಕ್ಕೆ ತಣ್ಣೀರೆರಚಿಕೊಳ್ಳುವುದೂ ನಾಡಿಯನ್ನು ಕೊಂಚ ಇಳಿಸಬಲ್ಲದು. ಸಂಜೆಯ ನಡಿಗೆಯ ಪ್ರಯೋಜನ ಎಲ್ಲರಿಗೂ ತಿಳಿದುದೇ. ಕಾಫಿಯ ಮಾತು ಮಾತ್ರ ನಮ್ಮ ಉಪಾಧ್ಯಾಯ ಬಂಧುಗಳಿಗೆ ರುಚಿಸದು: ಸಂಜೆ ಐದಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ರಾತ್ರಿ ಹತ್ತಕ್ಕೂ ರಕ್ತದಲ್ಲಿ ಉಳಿದಿರುತ್ತದೆ.

ಇವನ್ನು ಪರೀಕ್ಷೆಯ ದಿನ ಮೊದಲಬಾರಿಗೆ ಹೇಳಿಕೊಟ್ಟರೆ ಫಲವಿಲ್ಲ. ತಿಂಗಳಿಗೆ ಮುಂಚಿನಿಂದ, ಮೊದಲ ಪಾಠಕ್ಕೆ ಮುನ್ನ ಎರಡು ನಿಮಿಷಗಳನ್ನು ಮೀಸಲಿಡಬೇಕು. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಹಾಗೆ ಮಾಡಿದೆನು. ಮೊದಲ ವಾರ ಹುಡುಗರು ನಕ್ಕರು. ನಗುವಾಗಲೂ ಉಸಿರು ಹೊರಕ್ಕೇ ಹೋಗುವುದರಿಂದ ನಾನು ತಡೆಯಲಿಲ್ಲ.

ಎಲ್ಲ ನಡುಕವೂ ಉದ್ವೇಗದಿಂದ ಬಂದುದಲ್ಲ. ತೂಕ ಇಳಿಯುತ್ತ ಸದಾ ಎದೆ ಬಡಿದುಕೊಳ್ಳುತ್ತಿದ್ದರೆ ಅದು ಥೈರಾಯ್ಡ್ ಗ್ರಂಥಿಯ ದೋಷವಿರಬಹುದು. ರಕ್ತಹೀನತೆಯೂ ಎದೆಬಡಿತವನ್ನು ಹೆಚ್ಚಿಸುತ್ತದೆ. ಇವಕ್ಕೆ ವೈದ್ಯರೇ ಗತಿ. ನಿದ್ರೆ ಆಹಾರಗಳನ್ನು ಬಿಟ್ಟು ಮಂಕಾಗಿರುವ ವಿದ್ಯಾರ್ಥಿಯ ವಿಷಯದಲ್ಲಿಯೂ ತಡಮಾಡಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಯಾವ ವೇಳೆಯಲ್ಲಾದರೂ ದೂರವಾಣಿ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.