ಬೆರ್ಗಾಮೊ ಪಟ್ಟಣದಲ್ಲಿ ಒಂದು ರಾತ್ರಿ

ಮಲೆನಾಡಿನಲ್ಲಿ ಮಳೆ ಹಿಂದೆ ಸರಿದು ಅಡಿಕೆಯ ಕೊನೆ ತೆಗೆಯುವ ಕೆಲಸ ಆರಂಭವಾಗುವ ಹೊತ್ತಿಗೆ ನಮ್ಮ ಸಮಾಧಿಭೂಮಿಗಳಲ್ಲಿ ಕತ್ತಿಯ ಸದ್ದು ಕೇಳಿಸತೊಡಗುತ್ತದೆ. ನವೆಂಬರ್ 2ರಂದು ಬರುವ ಸಕಲ ಮೃತರ ಸ್ಮರಣೆಗಾಗಿ ಮನೆಯವರು ಗಿಡಗಂಟಿ ಸವರಿ, ಶಿಲುಬೆಗೆ ಸುಣ್ಣ ಬಳಿದು, ತಮ್ಮ ತಮ್ಮವರ ಗುರುತು ಹುಡುಕಿಕೊಳ್ಳುತ್ತಾರೆ. ಈಚಿನ ವರ್ಷಗಳಲ್ಲಿ ಈ ದಿನಗಳು ಬಂದಾಗಲೆಲ್ಲ ನನಗೆ ಸಾವಿರಾರು ಮೈಲಿ ದೂರದ ಇನ್ನೊಂದು ಸಮಾಧಿಭೂಮಿಯೂ ನೆನಪಾಗುತ್ತದೆ. ಅಲ್ಲಿಗೆ ಹೋಗಬೇಕೆಂದು ನಾನು ಬಯಸಿದವನಲ್ಲ. ಆ ಊರಿನಲ್ಲಿ ನಾನಿದ್ದದ್ದು ಒಂದು ಹಗಲು, ಒಂದು ರಾತ್ರಿ ಮಾತ್ರ.

2023ರ ಅಕ್ಟೋಬರ್‌ನಲ್ಲಿ ಯಾತ್ರಿಕರ ತಂಡವೊಂದರ ಜೊತೆ ರೋಮ್ ನಗರಕ್ಕೆ ಹೋಗಿದ್ದೆ. ತಂಡದವರು ಊರಿಗೆ ಮರಳಿದರು. ಜರ್ಮನಿಯಲ್ಲಿ ಸೇವೆಯಲ್ಲಿರುವ ನನ್ನ ಹಳೆಯ ಸಹಪಾಠಿಯೊಬ್ಬರನ್ನು ಕಂಡು ಬರೋಣವೆಂದು ನಾನೊಬ್ಬನೇ ಉತ್ತರಕ್ಕೆ ಹೊರಟೆ. ಮಿಲಾನ್ ಕಡೆಯಿಂದ ಹೊರಡುವ ಅಗ್ಗದ ವಿಮಾನಕ್ಕೆ ಚೀಟಿ ಸಿಕ್ಕಿತ್ತು. ನಿಲ್ದಾಣ ತಲುಪಿದಾಗ ತಿಳಿದ ಸಂಗತಿ ಎರಡು: ನಿಲ್ದಾಣವಿರುವುದು ಮಿಲಾನಿನಲ್ಲಲ್ಲ, ಅಲ್ಲಿಂದ ಸುಮಾರು ಐವತ್ತು ಕಿಲೋಮೀಟರ್ ಆಚೆಯ ಬೆರ್ಗಾಮೊ ಎಂಬ ಪಟ್ಟಣದ ಅಂಚಿನಲ್ಲಿ, ಮತ್ತು ಆ ದಿನದ ವಿಮಾನ ರದ್ದಾಗಿದೆ, ಮರುದಿನ ಮಧ್ಯಾಹ್ನದವರೆಗೆ ಬೇರೆ ದಾರಿಯಿಲ್ಲ.

ಭಾಷೆ ಬಾರದ ನಾಡಿನಲ್ಲಿ ಒಂಟಿಯಾಗಿ, ಕೈಚೀಲ ಹಿಡಿದು ನಿಂತಾಗ ತತ್ತ್ವಶಾಸ್ತ್ರ ಹೆಚ್ಚೇನೂ ಉಪಕರಿಸುವುದಿಲ್ಲ. ಬಸ್ಸಿನ ತಂಗುದಾಣದಲ್ಲಿ ಪಂಜಾಬಿನ ಯುವಕನೊಬ್ಬ ಕಣ್ಣಿಗೆ ಬಿದ್ದ. ಆ ಸೀಮೆಯ ದನದ ಕೊಟ್ಟಿಗೆಗಳಲ್ಲಿ ಹಾಲು ಕರೆಯುವ ಕೆಲಸಕ್ಕೆ ಪಂಜಾಬಿನಿಂದ ಬಂದು ನೆಲೆಸಿದವರು ಬಹಳ ಮಂದಿ. ನನ್ನ ಹರಕು ಹಿಂದಿಯನ್ನು ಕೇಳಿ ಆತ ನಕ್ಕ. ಆದರೆ ಚೀಟಿ ಕೊಡಿಸಿ, ಬಸ್ಸು ಹತ್ತಿಸಿ, ಚರ್ಚಿನ ಗೋಪುರ ಕಾಣುವಲ್ಲಿ ಇಳಿಸೆಂದು ಚಾಲಕನಿಗೂ ಹೇಳಿದ. ಆ ಚರ್ಚಿನ ಗುರುನಿವಾಸದ ಬಾಗಿಲು ತಟ್ಟಿದೆ. ಎಂಬತ್ತರ ಹತ್ತಿರದ ವೃದ್ಧ ಧರ್ಮಗುರು ಬಾಗಿಲು ತೆರೆದರು. ಸೆಮಿನರಿಯಲ್ಲಿ ಕಲಿತು ಮರೆತಿದ್ದ ನನ್ನ ಅರೆಬರೆ ಲತೀನ್, ಅವರ ಅರೆಬರೆ ಇಂಗ್ಲಿಷ್. ಇವೆರಡರ ನಡುವೆ ನನಗೊಂದು ಕೋಣೆಯೂ ಒಂದು ಬಟ್ಟಲು ಸೂಪೂ ದೊರೆತವು.

ಬೆರ್ಗಾಮೊ ಎರಡು ಅಂತಸ್ತಿನ ಊರು. ಕೆಳಗೆ ಬಯಲಿನಲ್ಲಿ ಹೊಸ ಪಟ್ಟಣ, ಮೇಲೆ ಗುಡ್ಡದ ನೆತ್ತಿಯಲ್ಲಿ ಹಳೆಯದು. ನಡುವೆ 1887ರಲ್ಲಿ ಹಾಕಿದ ಹಳಿಯ ಮೇಲೆ ಹಗ್ಗ ಎಳೆಯುವ ಪುಟ್ಟ ಬಂಡಿ ಇಂದಿಗೂ ಜನರನ್ನು ಹತ್ತಿಸಿ ಇಳಿಸುತ್ತದೆ. ಹಳೆಯ ಊರನ್ನು ಸುತ್ತುವರಿದ ಕೋಟೆಗೋಡೆಯನ್ನು ವೆನಿಸ್‌ನವರು 1561ರಿಂದ ಕಟ್ಟತೊಡಗಿದರು. 2017ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಾನು ಹೋದ ವರ್ಷ ಬೀದಿಬೀದಿಯಲ್ಲಿ ಬಾವುಟಗಳಿದ್ದವು. ಬೆರ್ಗಾಮೊ ಮತ್ತು ನೆರೆಯ ಬ್ರೆಶಿಯಾ ಜಂಟಿಯಾಗಿ 2023ರ ಇಟಲಿಯ ಸಂಸ್ಕೃತಿ ರಾಜಧಾನಿಯೆಂದು ಸಾರಲ್ಪಟ್ಟಿದ್ದವು. ಆ ಗೌರವ ಈ ಎರಡು ಊರುಗಳಿಗೇ ಏಕೆ ಬಂತೆಂಬುದು ನನಗೆ ಸಂಜೆ ತಿಳಿಯಿತು.

ಕೆಳಗಿಳಿದು ಬರುತ್ತಿದ್ದಾಗ ಚಿತ್ರಶಾಲೆಯೊಂದರ ಫಲಕದಲ್ಲಿ ‘ಕರ್ರಾರ’ ಎಂಬ ಹೆಸರು ಕಂಡು ಹೆಜ್ಜೆ ನಿಂತಿತು. ಆ ಹೆಸರನ್ನು ಎಲ್ಲಿಯೋ ಕೇಳಿದ್ದೆ. ತುಸು ಹೊತ್ತಿನ ಬಳಿಕ ನೆನಪಾಯಿತು. ಮಂಗಳೂರಿನ ಜೆಪ್ಪು ಸೆಮಿನರಿಯಲ್ಲಿ ಓದುತ್ತಿದ್ದಾಗ ನಮ್ಮ ಅಧ್ಯಾಪಕರು ನಮ್ಮನ್ನು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಕರೆದೊಯ್ದು, ಅದರ ಗೋಡೆ ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ ಬ್ರದರ್ ಅಂತೋನಿಯೊ ಮೊಸ್ಕೇನಿಯವರ ಕಥೆ ಹೇಳಿದ್ದರು. ಅವರು 1854ರಲ್ಲಿ ಬೆರ್ಗಾಮೊದ ಮಗ್ಗುಲಿನ ಸ್ತೆತ್ಸಾನೊ ಗ್ರಾಮದಲ್ಲಿ ಹುಟ್ಟಿ, ಇದೇ ಕರ್ರಾರ ಶಾಲೆಯಲ್ಲಿ ಚಿತ್ರಕಲೆ ಕಲಿತು, 1889ರಲ್ಲಿ ಯೇಸುಸಭೆ ಸೇರಿದವರು. 1899ರಿಂದ ಸುಮಾರು ಎರಡು ವರ್ಷ ಮಂಗಳೂರಿನ ಬಿಸಿಲಿನಲ್ಲಿ, ಸಾರುವೆಯ ಮೇಲೆ ನಿಂತು ದುಡಿದರು. 1905ರ ನವೆಂಬರ್‌ನಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೊಂದು ವರ್ಷ.

ನಮ್ಮ ಕಾಫಿ ಸೀಮೆಯ ಕಥೋಲಿಕ ಕುಟುಂಬಗಳಲ್ಲಿ ಎಷ್ಟೋ ಮಂದಿಯ ಹಿರಿಯರು ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದವರು. ಅಲ್ಲಿಗೆ ಹೋದಾಗಲೆಲ್ಲ ಆ ಪ್ರಾರ್ಥನಾಲಯವನ್ನು ನೋಡಿ ಕತ್ತು ನೋಯಿಸಿಕೊಂಡವರು ನಾವು. ಬರೆದವನ ಊರಿಗೆ ದಾರಿ ತಪ್ಪಿ ಬಂದು ನಿಂತಿದ್ದೇನೆಂದು ತಿಳಿದಾಗ ಮೈ ಜುಮ್ಮೆಂದಿತು. ಸಂಜೆ ವೃದ್ಧ ಗುರುಗಳಿಗೆ ಹೇಳಿದೆ. ಅವರು ಆ ಹೆಸರನ್ನು ಕೇಳಿಯೇ ಇರಲಿಲ್ಲ. ಒಂದು ಕಾಗದದ ಚೂರಿನಲ್ಲಿ ಬರೆದುಕೊಂಡು, ನಮ್ಮವನೊಬ್ಬ ನಿಮ್ಮಲ್ಲಿದ್ದಾನೆ, ನೀವು ಅವನನ್ನು ನೋಡಿಕೊಂಡಿದ್ದೀರಿ ಎಂದರು.

ಸಂಜೆಯ ಬಲಿಪೂಜೆಯಲ್ಲಿ ನಾನೂ ಪೀಠದ ಬಳಿ ನಿಂತೆ. ಮುಗಿದ ಮೇಲೆ ಎಪ್ಪತ್ತು ದಾಟಿದ ತಾಯಿಯೊಬ್ಬರು ನನ್ನ ಬಳಿ ಬಂದರು. ಗುರುಗಳು ದುಭಾಷಿಯಾದರು. ಆಕೆಯ ಗಂಡ 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ತೀರಿಕೊಂಡವರು. ಆಂಬುಲೆನ್ಸಿನ ಬಾಗಿಲು ಮುಚ್ಚಿದಾಗ ಕಂಡದ್ದೇ ಕೊನೆ. ಆ ತಿಂಗಳು ಬೆರ್ಗಾಮೊದ ಪತ್ರಿಕೆಯಲ್ಲಿ ಮರಣವಾರ್ತೆಯೇ ಹತ್ತು ಪುಟ ತುಂಬಿದ ದಿನವಿತ್ತು. ಊರಿನ ಚಿತಾಗಾರಕ್ಕೆ ನಿಭಾಯಿಸಲಾಗದೆ, ಮಾರ್ಚ್ 18ರ ರಾತ್ರಿ ಸೇನೆಯ ಲಾರಿಗಳು ಸಾಲುಗಟ್ಟಿ ಶವಪೆಟ್ಟಿಗೆಗಳನ್ನು ಬೇರೆ ಊರುಗಳಿಗೆ ಹೊತ್ತೊಯ್ದ ಚಿತ್ರವನ್ನು ನಾವೆಲ್ಲರೂ ದೂರದರ್ಶನದಲ್ಲಿ ಕಂಡಿದ್ದೆವು. ಗಂಡ ಆ ಲಾರಿಯಲ್ಲಿ ಹೋದರೋ ಬೇರೆಯದರಲ್ಲೋ ಆಕೆಗೆ ಇಂದಿಗೂ ತಿಳಿಯದು. ವಾರಗಳ ನಂತರ ಬೂದಿ ಬಂತು. ಆ ಧರ್ಮಪ್ರಾಂತ್ಯದಲ್ಲಿ ಅದೇ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಾಜಕರು ಸತ್ತರು. ನನಗೆ ಕೋಣೆ ಕೊಟ್ಟ ಗುರುಗಳೂ ಆಸ್ಪತ್ರೆಯಿಂದ ಬದುಕಿ ಬಂದವರೇ.

ಆಕೆ ಕೇಳಿದರು: ನಿಮ್ಮ ದೇಶದಲ್ಲಿಯೂ ಹೀಗಾಯಿತೇ? ಆಯಿತೆಂದೆ. ನಿಮ್ಮ ಜನ ಸಾಯುವಾಗ ನೀವು ಹತ್ತಿರ ಇದ್ದಿರಾ?

ಉತ್ತರ ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. 2021ರ ಮೇ ತಿಂಗಳ ಒಂದು ರಾತ್ರಿ ಭಂಡಿಗಡಿ ಕಡೆಯಿಂದ ದೂರವಾಣಿ ಬಂದಿತ್ತು. ತಂದೆಗೆ ಉಸಿರು ಸಿಗುತ್ತಿಲ್ಲ, ಅಭ್ಯಂಗ ಕೊಡಲು ಬರುವಿರಾ ಎಂದು ಮಗ ಕೇಳಿದ್ದ. ನಿಯಮ ಬಿಡುವುದಿಲ್ಲ ಮಗಾ ಎಂದೆ. ಬಿಡುತ್ತದೆಯೋ ಇಲ್ಲವೋ ಎಂದು ನಾನು ಯಾರನ್ನೂ ಕೇಳಿ ನೋಡಿರಲಿಲ್ಲ. ನನಗೆ ಭಯವಾಗಿತ್ತು. ಎರಡು ದಿನಗಳ ನಂತರ ಸಮಾಧಿಭೂಮಿಯ ಗೇಟಿನಾಚೆ ನಿಂತು, ಮುಖಗವಸಿನೊಳಗಿನಿಂದ ಪ್ರಾರ್ಥನೆ ಓದಿ ಹಿಂದಿರುಗಿದೆ.

ಇಲ್ಲ, ಇರಲಿಲ್ಲ ಎಂದು ಆ ತಾಯಿಗೆ ಹೇಳಿದೆ. ಗುರುಗಳು ಅದನ್ನು ಇಟಾಲಿಯನ್ ಭಾಷೆಯಲ್ಲಿ ಹೇಳಿದರು. ಆಕೆ ನನ್ನ ಕೈ ಬಿಡಲಿಲ್ಲ. ಹಾಗಾದರೆ ನಾಳೆ ಬೆಳಿಗ್ಗೆ ನನ್ನ ಜೊತೆ ಬನ್ನಿ ಎಂದರು.

ಆ ರಾತ್ರಿ ಹತ್ತು ಗಂಟೆಗೆ ಗುಡ್ಡದ ಮೇಲಿನ ಗೋಪುರದ ದೊಡ್ಡ ಗಂಟೆ ನೂರು ಬಾರಿ ಬಾರಿಸಿತು. ಹಿಂದೆ ಕೋಟೆಯ ಬಾಗಿಲು ಮುಚ್ಚುವ ಸೂಚನೆಯಾಗಿದ್ದುದು ಈಗಲೂ ವಾಡಿಕೆಯಾಗಿ ಉಳಿದಿದೆ. ನಿದ್ದೆ ಬಾರದೆ ಮಲಗಿದ್ದವನಿಗೆ ಮೊಸ್ಕೇನಿಯವರ ಚಿತ್ರವೊಂದು ಕಣ್ಣೆದುರು ಬಂತು. ಮಂಗಳೂರಿನ ಆ ಪ್ರಾರ್ಥನಾಲಯದಲ್ಲಿ ಸಂತ ಅಲೋಶಿಯಸರು ರೋಮಿನ ಬೀದಿಯಲ್ಲಿ ಪ್ಲೇಗು ಪೀಡಿತರ ಸೇವೆ ಮಾಡುವ ದೃಶ್ಯವಿದೆ. ಅವರು ಆ ಸೇವೆಯಲ್ಲಿಯೇ ರೋಗ ತಗುಲಿ 1591ರಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ ತೀರಿಕೊಂಡರು. ಅವರಿಗೆ ಮೊದಲ ಪರಮಪ್ರಸಾದ ನೀಡಿದ ಸಂತ ಚಾರ್ಲ್ಸ್ ಬೊರೊಮಿಯೊ, 1576ರ ಪ್ಲೇಗಿನಲ್ಲಿ ಮಿಲಾನ್ ಬಿಟ್ಟು ಕದಲದ ಮಹಾಧರ್ಮಾಧ್ಯಕ್ಷರು. ಆ ಚಿತ್ರಗಳ ಕೆಳಗೆ ಎಷ್ಟು ಬಾರಿ ಮೊಣಕಾಲೂರಿದ್ದೆ! ವರ್ಣವನ್ನು ಮೆಚ್ಚಿದ್ದೆ, ಕಥೆಯನ್ನು ಪ್ರಬೋಧನೆಯಲ್ಲಿ ಬಳಸಿದ್ದೆ. ದೂರವಾಣಿ ಬಂದ ಆ ರಾತ್ರಿ ಮಾತ್ರ ಅದು ನೆನಪಾಗಿರಲಿಲ್ಲ.

ಬೆಳಿಗ್ಗೆ ಆ ತಾಯಿಯ ಗಂಡನ ಸಮಾಧಿಯ ಮುಂದೆ ನಿಂತೆ. ಇಟಾಲಿಯನ್ ಬಾರದ ಕಾರಣ ಪರಲೋಕ ಮಂತ್ರವನ್ನು ಕನ್ನಡದಲ್ಲಿಯೂ ನಮೋ ಮರಿಯೆಯನ್ನು ಮನೆಮಾತು ಕೊಂಕಣಿಯಲ್ಲಿಯೂ ಹೇಳಿದೆ. ಆಕೆ ತಮ್ಮ ಭಾಷೆಯಲ್ಲಿ ಹೇಳಿಕೊಂಡರು. ಮಧ್ಯಾಹ್ನ ವಿಮಾನ ಹೊರಟಿತು.

ಸಂತ ತೋಮಸ್ ಅಕ್ವಿನಾಸರು ದೈವಸಂಕಲ್ಪವನ್ನು ವಿವರಿಸುವಾಗ ಒಂದು ದೃಷ್ಟಾಂತ ಕೊಡುತ್ತಾರೆ. ಯಜಮಾನನೊಬ್ಬ ಇಬ್ಬರು ಆಳುಗಳನ್ನು, ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬನನ್ನು, ಒಂದೇ ಜಾಗಕ್ಕೆ ಕಳುಹಿಸುತ್ತಾನೆ. ಅವರ ಪಾಲಿಗೆ ಆ ಭೇಟಿ ಆಕಸ್ಮಿಕ, ಕಳುಹಿಸಿದವನಿಗೆ ಅಲ್ಲ. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗೆ ಬರೆದಿದ್ದೆ. ಆದರೆ ನನಗೆ ಪಾಠ ಕಲಿಸಲೆಂದೇ ದೇವರು ಆ ವಿಮಾನ ನಿಲ್ಲಿಸಿದರೆಂದು ಹೇಳಲಾರೆ. ಅಂದು ಅದೇ ನಿಲ್ದಾಣದಲ್ಲಿ ಎಳೆಮಗುವನ್ನು ಹೊತ್ತು ಅಳುತ್ತಿದ್ದ ತಾಯಿಯೊಬ್ಬಳೂ ಇದ್ದಳು. ಆಕೆಯ ಪಾಲಿಗೆ ಅದು ಬರಿಯ ಸಂಕಟವಾಗಿತ್ತು. ಏಕೆ ಕಳುಹಿಸಿದರೆಂಬುದು ಯಜಮಾನನಿಗೆ ಬಿಟ್ಟದ್ದು. ಎದುರಿಗೆ ಸಿಕ್ಕವರಿಗೆ ಸತ್ಯ ಹೇಳುವುದು ಆಳಿನ ಕೆಲಸ.

ಊರಿಗೆ ಬಂದ ವಾರದಲ್ಲಿಯೇ ಭಂಡಿಗಡಿ ಕಡೆಯ ಆ ಮನೆಗೆ ಹೋದೆ. ಮಗ ತೋಟದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ. ನಿಯಮದ ಮಾತು ಸುಳ್ಳೆಂದೂ ಹೆದರಿ ಬಾರದೆ ಹೋದೆನೆಂದೂ ಹೇಳಿದೆ. ಆತ ಬಹಳ ಹೊತ್ತು ಅಂಗಳ ನೋಡುತ್ತ ಕುಳಿತ. ಆಮೇಲೆ, “ನಾನೂ ಕೋಣೆಯ ಒಳಗೆ ಹೋಗಿರಲಿಲ್ಲ ಫಾದರ್. ಇಲ್ಲೇ ಜಗುಲಿಯಲ್ಲಿದ್ದೆ. ಯಾರಿಗೂ ಹೇಳಿಲ್ಲ” ಎಂದ. ಅವನ ಹೆಂಡತಿ ಕಾಫಿ ತಂದಿಟ್ಟಳು. ಇಬ್ಬರೂ ಕುಡಿದೆವು.

ಈ ನವೆಂಬರ್‌ನಲ್ಲಿ ನಿಮ್ಮವರ ಸಮಾಧಿಗೆ ಹೂವು, ಮೇಣದ ಬತ್ತಿ ಒಯ್ಯುವಿರಿ. ಒಯ್ಯಿರಿ. 2020 ಮತ್ತು 2021ರಲ್ಲಿ ಹೂಳಿದವರ ಸಾಲಿನ ಬಳಿ ಒಂದು ನಿಮಿಷ ಹೆಚ್ಚು ನಿಲ್ಲಿರಿ. ಅಲ್ಲಿ ಯಾರೊಡನೆಯಾದರೂ ಆಡದೆ ಉಳಿದ ಮಾತಿದ್ದರೆ, ಬದುಕಿರುವವರು ಪಕ್ಕದಲ್ಲಿಯೇ ನಿಂತಿರುತ್ತಾರೆ, ಅವರಿಗೆ ಹೇಳಿರಿ. ಹಾಗೆಯೇ, ರಾತ್ರಿ ಎಷ್ಟೇ ಹೊತ್ತಾಗಿರಲಿ, ನಿಮ್ಮ ಮನೆಯಲ್ಲಿ ರೋಗಿಯೊಬ್ಬರು ಅಭ್ಯಂಗ ಬಯಸಿದರೆ ನನ್ನನ್ನು ಕರೆಯಿರಿ. ಬರುತ್ತೇನೆ.